ಬೈಬಲ್‌ನಲ್ಲಿ ನಾವು ಆರಿಸುವ ವಾಕ್ಯ, ದಾಟಿ ಹೋಗುವ ವಾಕ್ಯ

(ವಿರಾಜಪೇಟೆಯಲ್ಲಿ ಮಾತಾಡಿದ್ದನ್ನು ಸ್ವಲ್ಪ ತಿದ್ದಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಚರ್ಚಿಗೆ ಹೋಗುವವರಿದ್ದೀರಿ, ಹೋಗದ ಗೆಳೆಯರೂ ಇದ್ದೀರಿ. ಅದಕ್ಕೇ ನಮ್ಮೊಳಗಿನ ಒಂದು ರೂಢಿಯಿಂದ ಶುರು ಮಾಡುತ್ತೇನೆ. ಡಿಸೆಂಬರ್ 31ರ ರಾತ್ರಿ ನಮ್ಮ ಎಷ್ಟೋ ಚರ್ಚುಗಳಲ್ಲಿ ಆರಾಧನೆ ಮುಗಿದ ಮೇಲೆ ಒಂದು ತಟ್ಟೆ ಬರುತ್ತದೆ. ತಟ್ಟೆಯಲ್ಲಿ ಸಣ್ಣ ಸಣ್ಣ ಕಾರ್ಡುಗಳು. ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳುತ್ತಾರೆ. ಅದೇ ಆ ವರ್ಷದ ವಾಗ್ದಾನದ ವಾಕ್ಯ. ಮನೆಗೆ ಬಂದು ಫ್ರಿಜ್ಜಿಗೆ ಅಂಟಿಸುತ್ತೇವೆ, ಜೀಪಿನ ಕನ್ನಡಿಯ ಹತ್ತಿರ ಸಿಕ್ಕಿಸುತ್ತೇವೆ. ವರ್ಷವಿಡೀ ಅದನ್ನು ನೋಡಿ ಧೈರ್ಯ ತಂದುಕೊಂಡವರು ಎಷ್ಟೋ ಜನ ಇದ್ದಾರೆ. ಅವರನ್ನು ಟೀಕಿಸಲು ನಾನು ಬಂದಿಲ್ಲ.

ಆದರೆ ಆ ತಟ್ಟೆಯಲ್ಲಿ ಯಾವ ವಾಕ್ಯ ಇರುತ್ತದೆ, ಯಾವುದು ಇರುವುದಿಲ್ಲ ಅಂತ ನೋಡಿದ್ದೀರಾ? ಐಶ್ವರ್ಯವಂತರಿಗೆ ಯೇಸು ಹೇಳಿದ ಎಚ್ಚರಿಕೆ ಅಲ್ಲಿ ಇರುವುದಿಲ್ಲ. ಕೂಲಿ ಹಿಡಿದಿಟ್ಟವರ ಬಗ್ಗೆ ಯಾಕೋಬನ ಪತ್ರದ 5ನೇ ಅಧ್ಯಾಯ ಹೇಳುವ ಮಾತು ಇರುವುದಿಲ್ಲ. ಯೆರೆಮೀಯ 29ರ 11ನೇ ವಾಕ್ಯ ಮಾತ್ರ ಖಂಡಿತ ಇರುತ್ತದೆ. ನಿಮ್ಮ ಬಗ್ಗೆ ನನಗಿರುವ ಯೋಜನೆ ಕೇಡಿನದಲ್ಲ, ಹಿತದ್ದು, ನಿಮಗೆ ಒಳ್ಳೆಯ ನಾಳೆಯಿದೆ ಎಂಬ ಅರ್ಥದ ಮಾತು.

ಇದು ಯಾರಿಗೆ ಬರೆದ ಮಾತು? ಬಾಬಿಲೋನಿಗೆ ಸೆರೆಹೋದವರಿಗೆ. ಜೆರುಸಲೇಮಿನಿಂದ ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಹಿಡಿದುಕೊಂಡು ಹೋದ ಜನಕ್ಕೆ ಪ್ರವಾದಿ ಯೆರೆಮೀಯ ಕಳಿಸಿದ ಪತ್ರ ಅದು. ಹಿಂದಿನ 10ನೇ ವಾಕ್ಯ ಓದಿ. ನೀವು ವಾಪಸ್ ಬರುವುದು 70 ವರ್ಷ ಆದ ಮೇಲೆ ಅಂತಿದೆ. ಅಂದರೆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರು ನೋಡದೆ ಅಲ್ಲೇ ಸಾಯುತ್ತಾರೆ. ಇನ್ನೂ ಹಿಂದೆ, 28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಎರಡೇ ವರ್ಷ, ಎಲ್ಲಾ ಸರಿಹೋಗುತ್ತದೆ ಅಂತ ಅವನು ಹೇಳಿದ. ಜನಕ್ಕೆ ಬೇಕಾಗಿದ್ದದ್ದೂ ಅದೇ. ಅವನು ಸುಳ್ಳು ಹೇಳಿ ಜನರನ್ನು ನಂಬಿಸಿದ ಅಂತ ಯೆರೆಮೀಯ ಮುಖದ ಮೇಲೆ ಹೇಳಿದ. ಈಗ ನಾವು ಯೆರೆಮೀಯನ ವಾಕ್ಯವನ್ನು ಕಿತ್ತು ತಂದು, ಈ ವರ್ಷ ನಿನ್ನ ವೀಸಾ ಆಗುತ್ತದೆ, ಸಾಲ ತೀರುತ್ತದೆ ಅಂತ ಓದುತ್ತೇವೆ. ಹೆಸರು ಯೆರೆಮೀಯನದು, ಮಾತು ಹನನ್ಯನದು.

ಹಾಗಂತ ಆರಿಸಲೇಬಾರದು ಅಂತ ನಾನು ಹೇಳುವುದಿಲ್ಲ. ಪ್ರೊಟೆಸ್ಟೆಂಟರ ಬೈಬಲ್‌ನಲ್ಲಿ 66 ಪುಸ್ತಕ, ಕಥೋಲಿಕರದ್ದರಲ್ಲಿ 73. ಆರಿಸದೆ ಓದಿದವರು ಯಾರೂ ಇಲ್ಲ. ಕಥೋಲಿಕ ಸಭೆಯ ಭಾನುವಾರದ ವಾಚನಗಳು ಮೂರು ವರ್ಷಕ್ಕೊಂದು ಸುತ್ತು ಬರುತ್ತವೆ. ಅದು ದೊಡ್ಡ ಕೆಲಸ, ಆದರೆ ಅದೂ ಆಯ್ಕೆಯೇ. ಕಥೋಲಿಕ ಬಿಷಪ್ಪರ ಮಹಾಸಭೆಯಾದ ಎರಡನೇ ವ್ಯಾಟಿಕನ್ ಸಭೆಯ ನಂತರ ಬಂದ ಪ್ರಾರ್ಥನಾ ಗ್ರಂಥದಲ್ಲಿ ಶಾಪದ ಮಾತುಗಳು ಜಾಸ್ತಿ ಇರುವ ಮೂರು ಕೀರ್ತನೆಗಳನ್ನು ಪೂರ್ತಿ ಬಿಟ್ಟರು. 58, 83, 109. ಇನ್ನು ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದಾಗ ಯಾಕೋಬನ ಪತ್ರವನ್ನು ಹುಲ್ಲಿನ ಪತ್ರ ಅಂತ ಕರೆದು ಕೊನೆಗೆ ತಳ್ಳಿದರು. ಧರ್ಮಗ್ರಂಥವೊಂದೇ ಸಾಕು ಅಂದವರೂ ಅದರೊಳಗೇ ಮೇಲು ಕೆಳಗು ಮಾಡಬೇಕಾಯಿತು.

ನಮ್ಮ ತೋಟದಲ್ಲೂ ಅರೇಬಿಕಾ ಕೊಯ್ಯುವಾಗ ಹಣ್ಣು ಮಾತ್ರ ಆರಿಸಿ ಕಾಯಿ ಬಿಡುತ್ತೇವೆ. ಆದರೆ ಬಿಟ್ಟ ಕಾಯಿಗೆ ಇನ್ನೊಂದು ಸುತ್ತು ಬರುತ್ತೇವೆ. ಬೈಬಲ್ ವಿಷಯದಲ್ಲಿ ಆ ಎರಡನೇ ಸುತ್ತು ಬರುವುದೇ ಇಲ್ಲ, ತೊಂದರೆ ಅಲ್ಲಿದೆ.

ಯೇಸು ಕೂಡ ಆರಿಸಿಯೇ ಓದಿದರು. ಲೂಕ 4ನೇ ಅಧ್ಯಾಯ. ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿ ಕೈಗೆ ಕೊಡುತ್ತಾರೆ. ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಕರ್ತನ ಮೆಚ್ಚುಗೆಯ ವರ್ಷ ಎಂಬಲ್ಲಿಗೆ ಬಂದು ಸುರುಳಿ ಸುತ್ತಿ ಕೊಟ್ಟು ಕುಳಿತುಬಿಡುತ್ತಾರೆ. ಯೆಶಾಯ 61 ತೆಗೆದು ನೋಡಿದರೆ ಆ ಸಾಲು ಅಲ್ಲಿಗೆ ಮುಗಿಯುವುದಿಲ್ಲ. ಅದೇ ಉಸಿರಿನಲ್ಲಿ, ನಮ್ಮ ದೇವರು ಸೇಡು ತೀರಿಸುವ ದಿನ ಅಂತ ಮುಂದುವರಿಯುತ್ತದೆ. ರೋಮನ್ನರ ಕಾಲ ಕೆಳಗೆ ನರಳುತ್ತಿದ್ದ ಊರಿನ ಜನಕ್ಕೆ ಆ ಅರ್ಧ ಸಾಲು ಹಾಲು ಕುಡಿದಷ್ಟು ಸಂತೋಷ ಕೊಡುತ್ತಿತ್ತು. ಯೇಸು ಅದನ್ನೇ ಬಿಟ್ಟರು. ಅಷ್ಟೇ ಅಲ್ಲ, ದೇವರು ಹೊರಗಿನವರಿಗೆ ಒಲಿದ ಎರಡು ಕಥೆ ತೆಗೆದರು. ಸೀದೋನಿನ ಸರೆಪ್ತದ ವಿಧವೆ, ಸಿರಿಯದ ನಾಮಾನ. ಊರಿನವರು ರೊಚ್ಚಿಗೆದ್ದು ಅವರನ್ನು ಬೆಟ್ಟದ ಅಂಚಿಗೆ ಎಳೆದುಕೊಂಡು ಹೋದರು.

ಅದೇ ಅಧ್ಯಾಯದಲ್ಲಿ, ಸ್ವಲ್ಪ ಮುಂಚೆ, ಇನ್ನೊಬ್ಬನೂ ವಾಕ್ಯ ಹೇಳುತ್ತಾನೆ. ಸೈತಾನ. ದೇವಾಲಯದ ತುದಿಯಿಂದ ಧುಮುಕು, ದೇವದೂತರು ನಿನ್ನನ್ನು ಎತ್ತಿಕೊಳ್ಳುತ್ತಾರೆ ಅಂತ 91ನೇ ಕೀರ್ತನೆ ತೆಗೆಯುತ್ತಾನೆ. ವಾಕ್ಯ ನಿಜವಾದದ್ದೇ. ಯೇಸುವಿನ ಆಯ್ಕೆಯಿಂದ ಓದಿದವರಿಗೇ ಪೆಟ್ಟು ಬಿತ್ತು. ಸೈತಾನನ ಆಯ್ಕೆಯಲ್ಲಿ ಓದಿದವರಿಗೆ ಬಿಟ್ಟಿ ಲಾಭ. ನನ್ನ ಇಡೀ ಮಾತು ಇಷ್ಟರ ಮೇಲೇ ನಿಂತಿದೆ. ವಾಕ್ಯ ಆರಿಸಿದಾಗ ಅದರ ಭಾರ ಯಾರ ಹೆಗಲಿಗೆ ಬಿತ್ತು?

ಒಂದು ಅಧ್ಯಾಯವನ್ನು ಹತ್ತಿರದಿಂದ ನೋಡೋಣ. ಯಾಜಕಕಾಂಡ 19. ನಮ್ಮ ಹುಡುಗರು ಮೈಸೂರಿಗೋ ಬೆಂಗಳೂರಿಗೋ ಓದಲು ಹೋಗಿ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡು ಬಂದರೆ ಮನೆಯ ಹಿರಿಯರು ತಕ್ಷಣ ತೆಗೆಯುವುದು ಈ ಅಧ್ಯಾಯದ 28ನೇ ವಾಕ್ಯ. ಮೈಮೇಲೆ ಹಚ್ಚೆ ಚುಚ್ಚಿಸಿಕೊಳ್ಳಬಾರದು. ಸರಿ, ಇದೆ. ಆದರೆ ಅದೇ ಪುಟದಲ್ಲಿ 19ನೇ ವಾಕ್ಯವೂ ಇದೆ. ಒಂದೇ ಹೊಲದಲ್ಲಿ ಎರಡು ತರದ ಬೀಜ ಬಿತ್ತಬಾರದು. ಕೊಡಗಿನಲ್ಲಿ ಯಾರ ತೋಟ ಉಳಿಯುತ್ತದೆ ಹೇಳಿ? ಕಾಫಿ ಗಿಡ, ನಡುವೆ ಕಿತ್ತಳೆ, ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಕರಿಮೆಣಸು. ಕಾಫಿಗೆ ರೇಟು ಬಿದ್ದ ವರ್ಷ ಎಷ್ಟೋ ಮನೆಗಳನ್ನು ಉಳಿಸಿದ್ದು ಮೆಣಸಿನ ಬಳ್ಳಿಯೇ. ಯಾವ ಫಾದರೂ ಯಾವ ಪಾಸ್ಟರೂ ಅದನ್ನು ಕಿತ್ತು ಹಾಕಿ ಅಂದಿಲ್ಲ. ಹೇಳಬೇಕಾಗಿಯೂ ಇಲ್ಲ.

ಅದಕ್ಕೆ ಉತ್ತರ ಸಿದ್ಧವಾಗಿರುತ್ತದೆ. ಅದು ಹಳೇ ಕಟ್ಟಳೆ, ಕ್ರಿಸ್ತನಲ್ಲಿ ಮುಗಿಯಿತು ಅನ್ನುತ್ತಾರೆ. ಆ ಉತ್ತರಕ್ಕೆ ಆಧಾರ ಇದೆ. ಯಾಜಕಕಾಂಡ 11 ಹಂದಿ ಮಾಂಸ ಬೇಡ ಅನ್ನುತ್ತದೆ. ಮಾರ್ಕ 7ರಲ್ಲಿ ಯೇಸು, ಹೊರಗಿನಿಂದ ಒಳಹೋಗುವುದು ಮನುಷ್ಯನನ್ನು ಹೊಲೆ ಮಾಡುವುದಿಲ್ಲ ಅಂದರು. ಅಪೊಸ್ತಲರ ಕೃತ್ಯಗಳು 10ರಲ್ಲಿ ಯೇಸುವಿನ ಶಿಷ್ಯ ಪೇತ್ರನಿಗೆ, ಅಶುದ್ಧ ಅನ್ನುವ ಪ್ರಾಣಿಗಳನ್ನೂ ತಿನ್ನು ಎಂಬ ದರ್ಶನವಾಯಿತು. 15ರಲ್ಲಿ ಜೆರುಸಲೇಮಿನ ಸಭೆ ಕೂತು ಚರ್ಚಿಸಿ, ಅನ್ಯಜನರಿಂದ ಬಂದವರ ಮೇಲೆ ಮೋಶೆಯ ಕಟ್ಟಳೆಯ ಇಡೀ ಭಾರ ಹೊರಿಸಬೇಡಿ ಅಂತ ತೀರ್ಮಾನಿಸಿತು. ಕ್ರಿಸ್ಮಸ್ಸಿಗೆ ನಮ್ಮ ಮನೆಗಳಲ್ಲಿ ಪಂದಿ ಕರಿ, ಕಡಂಬುಟ್ಟು ಮಾಡಿ ನೆಮ್ಮದಿಯಿಂದ ತಿನ್ನುವುದಕ್ಕೆ ಇಷ್ಟು ದಾರಿ ಸವೆದಿದೆ. ಆದರೆ ಅದೇ ಜೆರುಸಲೇಮಿನ ಸಭೆ ರಕ್ತವನ್ನು ಬಿಡಿ, ಕುತ್ತಿಗೆ ಹಿಸುಕಿ ಕೊಂದದ್ದನ್ನು ತಿನ್ನಬೇಡಿ ಅಂತಲೂ ಬರೆಯಿತು. ಅದನ್ನು ನಾವು ಯಾವಾಗ ಬಿಟ್ಟೆವು, ಯಾರು ಬಿಡಿಸಿದರು? ನಮ್ಮಲ್ಲಿ ಹೆಚ್ಚಿನವರು ಕೇಳಿಕೊಂಡೇ ಇಲ್ಲ, ಅಲ್ವಾ?

ಪಂಡಿತರು ಇದಕ್ಕೊಂದು ದಾರಿ ಮಾಡಿದ್ದಾರೆ. ಮೋಶೆಯ ಕಟ್ಟಳೆಯಲ್ಲಿ ನೀತಿಯದ್ದು, ಪೂಜಾವಿಧಿಯದ್ದು, ನ್ಯಾಯಾಡಳಿತದ್ದು ಅಂತ ಮೂರು ಬಗೆ. ನೀತಿಯದ್ದು ಉಳಿಯಿತು, ಮಿಕ್ಕದ್ದು ಹೋಯಿತು ಅಂತ 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ವಿವರವಾಗಿ ಬರೆದರು. ಉಪಯೋಗದ ವಿಂಗಡಣೆಯೇ. ಆದರೆ ಆ ಚೀಟಿಗಳು ವಾಕ್ಯಕ್ಕೆ ಅಂಟಿಕೊಂಡು ಬಂದಿಲ್ಲ. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ದೊಡ್ಡ ಮಾತು ಇರುವುದು ಇದೇ 19ನೇ ಅಧ್ಯಾಯದ 18ನೇ ವಾಕ್ಯದಲ್ಲಿ. ಅದರ ಪಕ್ಕದಲ್ಲೇ ಎರಡು ಬೀಜದ ಮಾತು. ಒಂದು ಶಾಶ್ವತ, ಇನ್ನೊಂದು ಮುಗಿದದ್ದು ಅಂತ ಗೆರೆ ಎಳೆದವರು ನಾವು. ಸರಿಯಾಗಿಯೇ ಎಳೆದಿದ್ದೇವೆ ಅಂತ ನಾನೂ ನಂಬುತ್ತೇನೆ. ಆದರೂ ಎಳೆದ ಕೈ ನಮ್ಮದೇ. ಹಾಗಿರುವಾಗ ಇನ್ನೊಬ್ಬರನ್ನು ಹೊರಗಿಡಲು ಯಾಜಕಕಾಂಡದ ಒಂದು ಸಾಲು ತೆಗೆದು, ಇದು ನಾನು ಹೇಳಿದ್ದಲ್ಲ, ದೇವರೇ ಹೇಳಿದ್ದು ಅಂತ ಕೈತೊಳೆದುಕೊಳ್ಳಲು ಆಗುವುದಿಲ್ಲ. ಪಂದಿ ಕರಿಗೆ ಒಂದು ನ್ಯಾಯ, ಪಕ್ಕದ ಮನೆಯ ಹುಡುಗನಿಗೆ ಇನ್ನೊಂದು ನ್ಯಾಯ ಇರಬಾರದು.

ಈಗ ಇದೇ ಅಧ್ಯಾಯದಲ್ಲಿ ಹಿರಿಯರು ತೆಗೆಯದ ವಾಕ್ಯಗಳಿಗೆ ಬರುತ್ತೇನೆ. 13ನೇ ವಾಕ್ಯ, ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ನಿನ್ನಲ್ಲಿ ಇಟ್ಟುಕೊಳ್ಳಬೇಡ. 33 ಮತ್ತು 34, ನಿಮ್ಮ ನಾಡಿಗೆ ಬಂದು ಇಳಿದ ಪರದೇಶಿಗೆ ಅನ್ಯಾಯ ಮಾಡಬೇಡಿ, ಅವನು ನಿಮ್ಮಲ್ಲೇ ಹುಟ್ಟಿದವನಂತಿರಲಿ. ಸಿದ್ದಾಪುರ, ಅಮ್ಮತ್ತಿ, ಪೊನ್ನಂಪೇಟೆ ಕಡೆಯ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಈಗ ಅಸ್ಸಾಮಿನಿಂದ, ಬಂಗಾಳದಿಂದ ಬಂದವರಿದ್ದಾರೆ. ಅವರು ಯಾರು, ಎಲ್ಲಿಯವರು ಅಂತ ಅನುಮಾನದಿಂದ ಮಾತಾಡುವುದು ಚರ್ಚಿನ ಅಂಗಳದಲ್ಲೂ ಕೇಳಿಸುತ್ತದೆ. 34ನೇ ವಾಕ್ಯದ ಮೇಲೆ ಪ್ರಸಂಗ ಮಾತ್ರ ಅಪರೂಪ.

9 ಮತ್ತು 10ನೇ ವಾಕ್ಯ ಇನ್ನೂ ಸ್ವಾರಸ್ಯ. ಬೆಳೆ ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬೇಡ, ಉದುರಿದ ಹಣ್ಣನ್ನು ಹೆಕ್ಕಬೇಡ, ಬಡವರಿಗೂ ಪರದೇಶಿಗಳಿಗೂ ಬಿಡು. ಇದನ್ನು ಕಾಫಿ ತೋಟದಲ್ಲಿ ಅಕ್ಷರಶಃ ಪಾಲಿಸಬಹುದೇ? ಉದುರಿದ ಹಣ್ಣು ನೆಲದಲ್ಲೇ ಉಳಿದರೆ ಬೆರ್ರಿ ಬೋರರ್ ಹುಳ ಅದರೊಳಗೆ ಬದುಕಿ ಮುಂದಿನ ಬೆಳೆಗೆ ಹತ್ತುತ್ತದೆ. ನೆಲದ ಹಣ್ಣು, ಗಿಡದಲ್ಲಿ ಉಳಿದ ಹಣ್ಣು ಎಲ್ಲವನ್ನೂ ಹೆಕ್ಕಿ ತೆಗೆಯಬೇಕು ಅಂತಲೇ ಬೆಳೆಗಾರರಿಗೆ ಕಾಫಿ ಬೋರ್ಡು ಹೇಳುವುದು. ಅಕ್ಷರ ಪಾಲಿಸಿದರೆ ಪಕ್ಕದ ತೋಟದವನಿಗೂ ನಷ್ಟ. ಇಲ್ಲಿ ವೈಯಕ್ತಿಕ ವಿವೇಚನೆ ಬೇಕೇ ಬೇಕು. ಆದರೆ ವಿವೇಚನೆ ಅಂದರೆ, ಹುಳ ಬರುತ್ತದೆ, ಆದ್ದರಿಂದ ಈ ವಾಕ್ಯ ನಮಗಲ್ಲ ಅಂತ ಪುಟ ತಿರುವುವುದಲ್ಲ. ಆ ವಾಕ್ಯ ಏನು ಬಯಸಿತು? ಬೆಳೆಯಲ್ಲಿ ಒಂದು ಪಾಲು ಜಮೀನಿಲ್ಲದವರದ್ದು, ಅದು ಭಿಕ್ಷೆಯಲ್ಲ ಅಂತ. ಹಾಗಾದರೆ ಹೆಕ್ಕಿದ ಹಣ್ಣಿನ ದುಡ್ಡು ಹೆಕ್ಕಿದವರಿಗೇ ಹೋಗಲಿ. ಅಥವಾ ರೇಟು ಏರಿದ ವರ್ಷ ಕೂಲಿಯೂ ಏರಲಿ. ಅಕ್ಷರ ಬಿಟ್ಟವನಿಗೆ ಕೆಲಸ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ.

ಸ್ವಂತ ಲಾಭಕ್ಕೆ ಆರಿಸಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಚ್ಚಾದ ಸಾಕ್ಷಿಯೇ ಇದೆ. 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಬ್ರಿಟಿಷ್ ವೆಸ್ಟ್ ಇಂಡೀಸ್ ದ್ವೀಪಗಳ ಕಪ್ಪು ಗುಲಾಮರಿಗಾಗಿ ಆರಿಸಿದ ಭಾಗಗಳು ಅಂತ ಅದರ ಮುಖಪುಟವೇ ಹೇಳುತ್ತದೆ. ಪೂರ್ತಿ ಬೈಬಲ್‌ನ 1189 ಅಧ್ಯಾಯಗಳಲ್ಲಿ ಅಲ್ಲಿ ಉಳಿದದ್ದು 232. ಯೋಸೇಫ ಗುಲಾಮನಾಗಿ ನಿಷ್ಠೆಯಿಂದ ದುಡಿದ ಕಥೆ ಇದೆ. ಮೋಶೆ ಗುಲಾಮರನ್ನು ಐಗುಪ್ತದಿಂದ ಹೊರಗೆ ಕರೆತಂದ ಕಥೆ ಇಲ್ಲ. ದಾಸರೇ, ಯಜಮಾನರಿಗೆ ವಿಧೇಯರಾಗಿರಿ ಎಂಬ ಎಫೆಸದವರಿಗೆ ಬರೆದ ಮಾತು ಇದೆ. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎಂಬ ಗಲಾತ್ಯ 3:28 ಇಲ್ಲ. ಇದನ್ನು ಮಾಡಿದವರು ನಾಸ್ತಿಕರಲ್ಲ. ಗುಲಾಮರಿಗೆ ಸುವಾರ್ತೆ ಸಾರಲು ಹೊರಟವರು.

ನಮ್ಮ ನೆಲದಲ್ಲಿ ಅದೇ ಪುಸ್ತಕ ಬೇರೆ ರೀತಿಯಲ್ಲೂ ಓದಿಸಿಕೊಂಡಿದೆ. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅಮ್ಮತ್ತಿ ಕಡೆ ಆನಂದಪುರ ಅಂತ ಒಂದು ನೆಲೆ ಕಟ್ಟಿದರು. ಅಲ್ಲಿಗೆ ಬಂದವರು ಹೆಚ್ಚಾಗಿ ಬೇರೆಯವರ ಗದ್ದೆಯಲ್ಲಿ ತಲೆತಲಾಂತರದಿಂದ ಆಳಾಗಿ ದುಡಿದ ದಲಿತ ಕುಟುಂಬಗಳು. ಅದಕ್ಕೂ ಮುಂಚೆ, 1792ರಲ್ಲಿ, ನಮ್ಮ ಇದೇ ವಿರಾಜಪೇಟೆಯಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ. ಸಂತ ಅನ್ನಮ್ಮನ ದೇವಾಲಯದ ಕಥೆ ಶುರುವಾಗುವುದೇ ಅಲ್ಲಿಂದ. ಪರದೇಶಿಯನ್ನು ನಿಮ್ಮವನಂತೆ ಕಾಣಿರಿ ಎಂಬ ಮಾತನ್ನು ಬೈಬಲ್ ಓದದ ಒಬ್ಬ ರಾಜ ನಮ್ಮ ಹಿರಿಯರಿಗೆ ನಡೆಸಿಕೊಟ್ಟ. ಅಸ್ಸಾಮಿನವರ ಬಗ್ಗೆ ಮಾತಾಡುವಾಗ ಇದು ನಮಗೆ ನೆನಪಿರಬೇಕು.

ಹಾಗಾದರೆ ಯಾರು ತೀರ್ಮಾನಿಸಬೇಕು? 1521ರಲ್ಲಿ ಚಕ್ರವರ್ತಿಯ ಮುಂದೆ ವಿಚಾರಣೆ ನಡೆದ ವರ್ಮ್ಸ್ ಸಭೆಯಲ್ಲಿ ಲೂಥರ್ ತನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಕಟ್ಟುಬಿದ್ದಿದೆ ಅಂದರು. 1546ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ, ಸ್ವಂತ ಬುದ್ಧಿಯನ್ನು ನಂಬಿ ಸಭೆಯ ಅರ್ಥಕ್ಕೆ ವಿರುದ್ಧವಾಗಿ ಯಾರೂ ವ್ಯಾಖ್ಯಾನ ಮಾಡಬಾರದು ಅಂದಿತು. ಐನೂರು ವರ್ಷದಿಂದ ಈ ಜಗಳ ಇದೆ. ಎರಡೂ ಕಡೆಯವರಿಗೆ ಒಂದೊಂದು ಭಯ, ಎರಡು ಭಯವೂ ನಿಜ. ನನಗೆ ಇನ್ನೂ ಮುಖ್ಯವಾಗಿ ಕಾಣುವುದು ಆಗಸ್ಟೀನರ ಕಥೆ. ಸುಮಾರು 1600 ವರ್ಷದ ಹಿಂದೆ ಉತ್ತರ ಆಫ್ರಿಕಾದ ಈ ಬಿಷಪ್ ಬಹಳ ಒಳ್ಳೆಯ ಒರೆಗಲ್ಲು ಕೊಟ್ಟರು. ನೀನು ಮಾಡಿದ ಅರ್ಥ ದೇವರ ಪ್ರೀತಿಯನ್ನೂ ನೆರೆಯವರ ಪ್ರೀತಿಯನ್ನೂ ಕಟ್ಟದಿದ್ದರೆ ನಿನಗಿನ್ನೂ ಅರ್ಥವಾಗಿಲ್ಲ ಅಂದರು. ಇದಕ್ಕಿಂತ ಒಳ್ಳೆಯ ನಿಯಮ ನನಗೆ ಗೊತ್ತಿಲ್ಲ. ಆದರೆ ಅದೇ ಆಗಸ್ಟೀನರು ಮುಂದೆ ಲೂಕ 14ರ ಔತಣದ ಸಾಮ್ಯ ತೆಗೆದು, ಬಲವಂತ ಮಾಡಿಯಾದರೂ ಒಳಗೆ ಕರೆದು ತಾ ಎಂಬ ಮಾತನ್ನು ಸಭೆಯಿಂದ ಬೇರೆಯಾಗಿದ್ದ ಡೊನಾಟಿಸ್ಟರೆಂಬ ಕ್ರೈಸ್ತ ಗುಂಪಿನ ಮೇಲೆ ಸರ್ಕಾರದ ಬಲ ಬಳಸಲು ಸಮರ್ಥನೆ ಮಾಡಿಕೊಂಡರು. ಅದೂ ಪ್ರೀತಿಯ ಹೆಸರಿನಲ್ಲಿ. ಏನು ತಪ್ಪಿತು? ಪೆಟ್ಟು ತಿನ್ನುವವರು ಆ ಓದಿನಲ್ಲಿ ಪಾಲುದಾರರಾಗಿರಲಿಲ್ಲ.

ನಾನು ಒಪ್ಪಿಕೊಂಡ ದಾರಿ ಇದು. ವಾಕ್ಯ ಯಾರನ್ನು ಕಟ್ಟುತ್ತದೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಬೇಕು. ಮದುವೆಯಲ್ಲಿ ಎಫೆಸ 5:22 ಓದುತ್ತಾರೆ, ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಅಂತ. ಆ ವಾಕ್ಯ ಹೆಂಡತಿಗೆ ಬರೆದದ್ದು. ಗಂಡನಿಗೆ ಬರೆದದ್ದು 25ನೇದು, ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಪ್ರೀತಿಸು ಅಂತ. ಇಬ್ಬರಿಗೂ ಸೇರಿ 21, ಒಬ್ಬರಿಗೊಬ್ಬರು ಅಧೀನರಾಗಿರಿ. ಗಂಡ ಬಾಯಿಪಾಠ ಮಾಡಬೇಕಾದ್ದು 25. ಹೆಂಡತಿಯ ಪತ್ರ ಒಡೆದು ಅವಳಿಗೇ ಓದಿ ಹೇಳುವುದು ಅವನ ಕೆಲಸವಲ್ಲ. ಸಭೆಯಲ್ಲಿ ಹೆಂಗಸರು ಸುಮ್ಮನಿರಲಿ ಎಂಬ 1 ಕೊರಿಂಥ 14:34 ಎತ್ತುವವರು ಅದೇ ಪತ್ರದ 11:5ರಲ್ಲಿ ಹೆಂಗಸರು ಪ್ರಾರ್ಥಿಸುತ್ತಾ ಪ್ರವಾದಿಸುತ್ತಾ ಇದ್ದದ್ದನ್ನೂ ಓದಲಿ, ರೋಮ 16ರಲ್ಲಿ ಪೌಲ ಸಭೆಯ ಸೇವಕಿ ಫೊಯಿಬೆಯ ಬಗ್ಗೆ ಎಷ್ಟು ಗೌರವದಿಂದ ಬರೆದಿದ್ದಾನೆ ನೋಡಲಿ.

2018ರ ಆಗಸ್ಟಿನ ಒಂದು ಮಾತು ಹೇಳಲೇಬೇಕು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಬೆಟ್ಟ ಜಾರಿದಾಗ ಊರೂರಿನಲ್ಲಿ ಪರಿಹಾರ ಕೇಂದ್ರಗಳಿದ್ದವು. ನಾನು ಹೋಗಿದ್ದ ಒಂದು ಕೇಂದ್ರದಲ್ಲಿ, ಮನೆ ತೋಟ ಎರಡೂ ಮಣ್ಣಾದ ಒಬ್ಬ ಅಜ್ಜಿ ಚಾಪೆಯ ಮೇಲೆ ಕೂತಿದ್ದರು. ಯಾರೋ ಬಂದು ಆದಿಕಾಂಡದ ಸೊದೋಮಿನ ಕಥೆ ಓದಿ, ಪಾಪ ಹೆಚ್ಚಾದಾಗ ಹೀಗಾಗುತ್ತದೆ ಅಂತ ಪ್ರಾರ್ಥನೆ ಮಾಡಿ ಹೋಗಿದ್ದರಂತೆ. ಅಜ್ಜಿ ನನ್ನನ್ನು ಕೇಳಿದರು, "ಅಲ್ಲ ಮಗಾ, ಮಡಿಕೇರಿಯವರಿಗಿಂತ ನಮ್ಮೂರಿನವರು ಜಾಸ್ತಿ ಪಾಪ ಮಾಡಿದ್ದೇವಾ?"

ಲೂಕ 13:4ರಲ್ಲಿ ಯೇಸು ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆ. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಜೆರುಸಲೇಮಿನಲ್ಲಿದ್ದ ಬೇರೆಯವರಿಗಿಂತ ಅಪರಾಧಿಗಳು ಅಂತ ನೆನೆಸುತ್ತೀರಾ? ಇಲ್ಲ, ಅಂತ ಅವರೇ ಉತ್ತರ ಕೊಡುತ್ತಾರೆ. ಅದನ್ನು ಓದಿ ಹೇಳಿದೆ. ಅಜ್ಜಿ ತಲೆಯಾಡಿಸಿ, ಮನೆಯ ಪಹಣಿ ಹೋಗಿದೆ, ಅದು ಮತ್ತೆ ಸಿಗುತ್ತದಾ ಅಂತ ಕೇಳಿದರು. ಬೈಬಲ್ ಮುಚ್ಚಿಟ್ಟು ಆ ಕೆಲಸಕ್ಕೆ ಎದ್ದೆವು.

ಆದರೆ 5ನೇ ವಾಕ್ಯವನ್ನು ನಾನೂ ದಾಟಬಾರದು. ನೀವು ಮನಸ್ಸು ತಿರುಗಿಸದಿದ್ದರೆ ನಿಮಗೂ ಹಾಗೇ ಆಗುತ್ತದೆ ಅಂತ ಅದು ಮುಂದುವರಿಯುತ್ತದೆ. ಅದು ಸತ್ತವರಿಗೆ ಹೇಳಿದ್ದಲ್ಲ, ಸುದ್ದಿ ತಂದವರಿಗೆ ಹೇಳಿದ್ದು. ನಮ್ಮ ಬೆಟ್ಟಗಳನ್ನು ಕಡಿದು ರಸ್ತೆ, ರೆಸಾರ್ಟು ಮಾಡುವುದನ್ನು ನೋಡಿಯೂ ಸುಮ್ನೆ ಇದ್ದ ನಮ್ಮೆಲ್ಲರಿಗೂ ಅದು ಸೇರುತ್ತದೆ ಅಂತ ನಾನು ಓದುತ್ತೇನೆ. ಚಾಪೆಯ ಮೇಲಿದ್ದ ಅಜ್ಜಿಗೆ 4ನೇ ವಾಕ್ಯ, ನಮಗೆ 5ನೇದು.

ಮಾತು ಮುಗಿದ ಮೇಲೆ ತೋಟದ ಮಾಲೀಕರೊಬ್ಬರು ಎದ್ದು ನಿಂತು ಕೇಳಿದರು. "ಕೂಲಿಯನ್ನು ರಾತ್ರಿ ಇಟ್ಟುಕೊಳ್ಳಬಾರದು ಅಂದಿರಿ. ನಾವು ವಾರಕ್ಕೊಮ್ಮೆ ಬಟವಾಡೆ ಮಾಡುತ್ತೇವೆ. ಅದು ಪಾಪವಾ?" ಅವರು ಮನಸಾರೆ ಕೇಳಿದ ಪ್ರಶ್ನೆ ಅದು. ನಾನು ಧರ್ಮೋಪದೇಶಕಾಂಡ 24:15 ಓದಿದೆ. ಅದೇ ಕಟ್ಟಳೆ ಅಲ್ಲಿ ಕಾರಣದ ಜೊತೆ ಇದೆ. ಹೊತ್ತು ಮುಳುಗುವುದರೊಳಗೆ ಕೊಡು, ಯಾಕೆಂದರೆ ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ. ಸಂತೆಯ ದಿನ ಒಟ್ಟಿಗೆ ಸಿಕ್ಕರೆ ಅನುಕೂಲ ಅನ್ನುವವರಿರಬಹುದು, ಮನೆಗೆ ಕಳಿಸಲು ತಿಂಗಳಿಗೊಮ್ಮೆ ಬೇಕು ಅನ್ನುವವರೂ ಇರಬಹುದು. ಜೂನ್, ಜುಲೈ ಮಳೆಯಲ್ಲಿ ಕೆಲಸ ಕಡಿಮೆಯಾದಾಗ ಮಾತ್ರ ಒಂದೊಂದು ದಿನದ ದುಡ್ಡೂ ದೊಡ್ಡದು, ಆಗ ತೆಗೆದುಕೊಂಡ ಅಡ್ವಾನ್ಸ್ ಕೊಯ್ಲಿನವರೆಗೂ ಕುತ್ತಿಗೆಗೆ ಬಿದ್ದಿರುತ್ತದೆ. ವಾರಕ್ಕೊಮ್ಮೆ ಸಾಕಾ, ಅಡ್ವಾನ್ಸ್ ಹೇಗೆ ಮುರಿದುಕೊಳ್ಳುತ್ತೀರಿ ಎಂಬುದನ್ನು ನನ್ನ ಹತ್ತಿರವೂ ಫಾದರ್ ಹತ್ತಿರವೂ ಕೇಳಬೇಡಿ ಅಂದೆ. ಈ ಶನಿವಾರ ಬಟವಾಡೆಯ ಹೊತ್ತಿಗೆ ಲೈನ್ ಮನೆಯವರನ್ನೇ ಕೇಳಿ, ಹೆಂಗಸರನ್ನು ಮೊದಲು.